ಬೇಸಗೆಯ ದುಡಿಮೆಯೂ ಮಕ್ಕಳ ಪಂದ್ಯವೂ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಾವ್ಯದ ಮಾತನ್ನಾಡಬೇಕಾದ ಕನ್ನಡ ಪಂಡಿತರು ಆಟದ ಬಯಲಿಗೆ ಇಳಿದುದೇಕೆಂದು ತಾವು ಕೇಳಬಹುದು. ವ್ಯಾಯಾಮ ಶಿಕ್ಷಕರಿಲ್ಲದ ಶಾಲೆಗಳಲ್ಲಿ ಮಕ್ಕಳನ್ನು ಪಂದ್ಯಕ್ಕೆ ಕರೆದೊಯ್ಯುವ ಹೊಣೆ ಭಾಷೆಯ ಅಧ್ಯಾಪಕರ ಹೆಗಲೇರುವುದುಂಟು. ನಮಗೂ ಹಾಗೆಯೇ ಬಂದಿತು.

ಕ್ರೀಡಾಕೂಟ ಬಂದಾಗಲೆಲ್ಲ ಹಿರಿಯರು ಆಡುವ ಮಾತೊಂದಿದೆ: “ನಮಗೆ ಬೇಸಗೆ ರಜೆಯೆಂದರೆ ಕೆಲಸ, ಈಗಿನವಕ್ಕೆ ಎರಡು ಸುತ್ತು ಓಡಿದರೆ ಸುಸ್ತು.” ಆ ಕೆಲಸವನ್ನು ನಾವೂ ಬಲ್ಲೆವು. 1990ರ ಆಚೀಚಿನ ಬೇಸಗೆಗಳಲ್ಲಿ ಅಂಗಳದ ಅಡಕೆಯನ್ನು ನಲವತ್ತು ದಿನ ಕಾಲಿನಿಂದ ಮಗುಚಿದವರು ನಾವು. ಅಕಾಲದ ಮಳೆ ಹನಿಯಿತೆಂದರೆ ಊಟದ ಕೈಯಲ್ಲೇ ಓಡಿ ಅದನ್ನು ರಾಶಿ ಮಾಡಿದವರು. ಮುರಕಲ್ಲಿನ ಗುಡ್ಡಕ್ಕೆ ನೀರಿಗಾಗಿ ಸುರಂಗ ಕೊರೆಯುವಾಗಲಂತೂ ರಜೆಯೇ ಮುಗಿದುಹೋಗುತ್ತಿತ್ತು. ಆಳೊಬ್ಬ ನಡೆಯುವಷ್ಟೇ ಅಗಲದ ಆ ಬಿಲದೊಳಗೆ ಹಿರಿಯರು ಮೇಣದ ಬತ್ತಿ ಹಚ್ಚಿಟ್ಟು ಅಗೆಯುತ್ತಿದ್ದರು. ಬತ್ತಿ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತಿದ್ದರು. ಬಾಯಿಯಿಂದಾಚೆಗೆ ಮಣ್ಣಿನ ಬುಟ್ಟಿಯನ್ನು ಕೈಯಿಂದ ಕೈಗೆ ಸಾಗಿಸುವ ಸಾಲು ಮಕ್ಕಳದು. ಸಾಲಿನಲ್ಲಿ ಕೃಶನಾದವನೊಬ್ಬನಿದ್ದರೆ ಬುಟ್ಟಿಯ ಮಣ್ಣು ತಾನಾಗಿ ಕಡಿಮೆಯಾಗುತ್ತಿತ್ತು. ಅವನನ್ನು ಬಿಟ್ಟು ಸಾಲು ಮುಂದೆ ಸಾಗುವಂತಿರಲಿಲ್ಲ.

ಆದರೆ ಆ ಬಿಸಿಲಿಗೆ ಬಂಗಾರದ ಲೇಪ ಬೇಡ. ತಮ್ಮ ತೋಟಕ್ಕೆ ದುಡಿದ ಮಕ್ಕಳೂ ಇದ್ದರು, ಪರರ ತೋಟಕ್ಕೆ ಕೂಲಿಗೆ ಬಂದ ಮಕ್ಕಳೂ ಇದ್ದರು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಎರಡನೆಯವರಲ್ಲಿ ಕೆಲವರು ಮರಳಲಿಲ್ಲ. ಕೊಡಪಾನ ಹೊತ್ತು ಸೌತೆಯ ಸಾಲಿಗೆ ನೀರೆರೆದ ಹೆಣ್ಣುಮಕ್ಕಳ ದುಡಿಮೆಯನ್ನು ದುಡಿಮೆಯೆಂದೇ ಯಾರೂ ಎಣಿಸಲಿಲ್ಲ.

ಓಟದ ಬಯಲಿನಲ್ಲಾದರೋ ಧಣಿಯ ಮಗನೂ ಕೂಲಿಯವನ ಮಗಳೂ ಕಾಲಿಡುವುದು ಒಂದೇ ಬಗೆಯ ಸುಣ್ಣದ ಗೆರೆಗೆ. ಪಂದ್ಯ ಬೇಕೆನ್ನಲು ನಮಗೆ ಇದೊಂದೇ ಸಾಕು. ಹಿಂದುಳಿದವನಿಗಾಗಿ ಓಟ ನಿಲ್ಲುವುದಿಲ್ಲ, ನಿಜ. ಅದು ಓಟದ ಧರ್ಮ. ಆದರೆ ನಾಲ್ಕನೆಯವನಾಗಿ ಬಂದ ಮಗನನ್ನು ಗೆರೆಯ ಬಳಿಯಲ್ಲೇ ಗದರುವ ತಂದೆಯ ಧರ್ಮ ಯಾವುದು? ಮೇಲಿನ ಕೂಟಗಳಲ್ಲಿ ಗೆದ್ದರೆ ಪರೀಕ್ಷೆಗೆ ಗ್ರೇಸ್ ಮಾರ್ಕು ಕೂಡುತ್ತದೆ ಎಂಬ ಲೆಕ್ಕ ಮನೆ ಹೊಕ್ಕಲ್ಲಿ ಆಟವೂ ಕೂಲಿಯೇ ಆಗುತ್ತದೆ. 1990ರಲ್ಲಿ ಬೀಜಿಂಗಿನ ಏಷ್ಯನ್ ಕೂಟವನ್ನು ಹೊಕ್ಕ ನಮ್ಮ ಕಬಡ್ಡಿಯನ್ನು ನೋಡಿರಿ: ಹೊರಬಿದ್ದವನನ್ನು ಜೊತೆಗಾರರು ಆಡಿ ಮತ್ತೆ ಒಳಕರೆಯುತ್ತಾರೆ. ಆ ಬುಟ್ಟಿಯ ಸಾಲಿನ ನೆಂಟಸ್ತಿಕೆ ಈ ಆಟಕ್ಕಿದೆ ಎಂದು ನಮಗೆ ತೋರುತ್ತದೆ.

ಬಿಸಿಲು ಏರಿದ ತಿಂಗಳುಗಳಲ್ಲಿ ಕೇರಳ ಸರ್ಕಾರವು ಬಯಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿರಾಮವನ್ನು ವಿಧಿಸುತ್ತಿದೆ. ಬೇಸಗೆ ಶಿಬಿರದ ಮಗುವಿಗೆ ಆ ವಿರಾಮವನ್ನು ಕೊಡುವವರು ಯಾರು? ಎರಡು ಗಂಟೆಯ ಬಿಸಿಲಿನಲ್ಲಿ ಬರಿಗಾಲಿನಿಂದ ಓಡಿದ ಮಕ್ಕಳನ್ನು ನಾವು ಕಂಡಿದ್ದೇವೆ. ಮಲೆಯಾಳದಲ್ಲಿ ಮಾತ್ರ ಕೂಗಿದ ಕರೆ ತಿಳಿಯದೆ ತನ್ನ ಓಟವನ್ನೇ ಕಳೆದುಕೊಂಡು ಅತ್ತ ಕನ್ನಡದ ಹುಡುಗಿಯನ್ನೂ ಕಂಡಿದ್ದೇವೆ.

ಆದುದರಿಂದ ಸಂಘದಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ರಜೆಯಲ್ಲಿ ಮಕ್ಕಳ ಕೂಟವೊಂದನ್ನು ತಾವೇ ನಡೆಸಿರಿ. ಬೆಳಗ್ಗೆ 7ಕ್ಕೆ ತೊಡಗಿ 11ರೊಳಗೆ ಮುಗಿಯಲಿ. ಕರೆ ಎರಡು ಭಾಷೆಗಳಲ್ಲಿಯೂ ಕೇಳಲಿ. ಬಯಲಿನ ನಾಲ್ಕು ಮೂಲೆಗಳಲ್ಲಿಯೂ ಕುಡಿಯುವ ನೀರಿರಲಿ. ಬಹುಮಾನ ಹಂಚುವ ಗಣ್ಯರು ತಡವಾದರೆ ಮಕ್ಕಳನ್ನು ಬಿಸಿಲಿನಲ್ಲಿ ಕಾಯಿಸಬೇಡಿ. ಶಾಲೆ ತೆರೆದ ಮೇಲೆ ಆ ಗಣ್ಯರೇ ತರಗತಿಗೆ ಬಂದು ಕೊಟ್ಟು ಹೋಗಲಿ.