ಗುಳಿಗಿ ನುಂಗಾಕತ್ತೀನಿ, ಆದ್ರೂ ನಡುವ ಕಲೆ ಯಾಕ?

ಇವತ್ತಿನ ಎಪಿಸೋಡ್ ಇಯರ್‌ಫೋನ್ ಹಾಕ್ಕೊಂಡು ಕೇಳ್ರಿ ಅಂತ ಮೊದಲೇ ಹೇಳಿಬಿಡ್ತೀನಿ. ನರಗುಂದದಿಂದ ಹುಬ್ಬಳ್ಳಿಗೆ ಹೋಗೋ ಬಸ್ಸಿನಾಗ ಸ್ಪೀಕರ್ ಹಚ್ಚಿ ಕೇಳೋ ವಿಷಯ ಅಲ್ಲ ಇದು. ಹಂಗಂತ ನಾಚಿಕೊಳ್ಳೋ ವಿಷಯಾನೂ ಅಲ್ಲ.

ಗಜೇಂದ್ರಗಡದಿಂದ ಒಬ್ಬ ತಂಗಿ ವಾಯ್ಸ್ ನೋಟ್ ಕಳಿಸಿದ್ಲು. ಹಿಂದ ಮಗ್ಗದ ಸಪ್ಪಳ, ಅದರ ನಡುವ ಪಿಸುಮಾತು. ಮೂರು ಸಲ ಕೇಳಿದ ಮ್ಯಾಲ ನನಗ ಪೂರ್ತಿ ತಿಳೀತು. "ಹೆಸರು ಹೇಳಬ್ಯಾಡ್ರಿ ಅಕ್ಕಾ, ವಿಷಯ ಹೇಳ್ರಿ" ಅಂದಾಳ, ಅದಕ್ಕ ಹೇಳಾಕತ್ತೀನಿ.

ಆಕಿ ಕೂಸಿಗೆ ಒಂದೂವರೆ ವರ್ಷ. ಇನ್ನೆರಡು ವರ್ಷ ಇನ್ನೊಂದು ಬ್ಯಾಡ ಅಂತ ಗಂಡ-ಹೆಂಡತಿ ಮಾತಾಡಿಕೊಂಡು, ಆಶಾ ಅಕ್ಕಾರ ಕಡೆಯಿಂದ ಮಾಲಾ-ಎನ್ ತಗೊಂಡಾರ. ಅತ್ತಿಗೆ ಗೊತ್ತಿಲ್ಲ. ಮೊದಲನೇ ಪಾಕೀಟು ಸುಸೂತ್ರ ಮುಗೀತು. ಎರಡನೇದರಾಗ ಹನ್ನೆರಡನೇ ಗುಳಿಗಿ ನುಂಗಿದ ದಿನ ಬಟ್ಟೆ ಮ್ಯಾಲ ಕಂದು ಕಲೆ. ಮರುದಿನ ಮನ್ಯಾಗ ಪೂಜಾ. ಹೇಳಿದ್ರ ಹೊರಗ ಕೂಡಬೇಕು, ಮ್ಯಾಲ "ಹದಿನೈದು ದಿನದ ಹಿಂದೇ ಆಗಿತ್ತಲ್ಲ, ಮತ್ತೇನಿದು?" ಅನ್ನೋ ಪ್ರಶ್ನೆ. ಹೇಳದಿದ್ರ ಪೂಜಾ ಮುಗಿಯೋತನಕ ಎದ್ಯಾಗ ಡವಡವ. ಈ ಗುಳಿಗೀನೇ ಸರಿ ಇಲ್ಲ ಅಂದ್ಕೊಂಡು ಆಕಿ ಎರಡು ರಾತ್ರಿ ನುಂಗಲೇ ಇಲ್ಲ. ಮೂರನೇ ದಿನ ಮುಂಜಾನೆ ನನಗ ಕೇಳಿದ್ದು: "ಅಕ್ಕಾ, ಗುಳಿಗಿ ಕೆಲಸಾನೇ ಮಾಡವಲ್ದೇನು? ನಿಲ್ಲಿಸಿಬಿಡ್ಲೇನು?"

ನಾನು ಬಿ.ಕಾಂ. ಓದಿದಾಕಿ, ಡಾಕ್ಟರ್ ಅಲ್ಲ. ಹಂಗಾಗಿ ಈ ಸ್ಕ್ರಿಪ್ಟನ್ನ ಪರಿಚಯದ ಸ್ತ್ರೀರೋಗ ತಜ್ಞೆಯೊಬ್ಬರಿಗೆ ತೋರಿಸೇ ರೆಕಾರ್ಡ್ ಮಾಡಾಕತ್ತೀನಿ. ಆದ್ರ ಲೆಕ್ಕದ ಮಂದಿ ನಾವು, ಖಾತೆ ಭಾಷಾದಾಗ ಹೇಳಿದ್ರನ ನನಗ ತಿಳಿಯೋದು. ಇಲ್ಲಿ ಎರಡು ಬ್ಯಾರೆ ಬ್ಯಾರೆ ಖಾತೆ ಅದಾವು.

ಒಂದು, ಗರ್ಭ ನಿಲ್ಲದಂಗ ತಡೆಯೋ ಖಾತೆ. ಗುಳಿಗಿಯ ಹಾರ್ಮೋನು ಅಂಡಾಶಯದಿಂದ ಅಂಡಾಣು ಬಿಡುಗಡೆ ಆಗದಂಗ ನೋಡಿಕೊಳ್ಳತೈತಿ, ಗರ್ಭಕೋಶದ ಬಾಯಿಯ ಲೋಳೆಯನ್ನ ದಪ್ಪ ಮಾಡಿ ವೀರ್ಯಾಣು ಒಳಗ ಹೋಗದಂಗ ಮಾಡತೈತಿ. ಇನ್ನೊಂದು, ರಕ್ತ ಕಾಣೋ ಖಾತೆ. ಅದು ಗರ್ಭಕೋಶದ ಒಳಪದರಕ್ಕ ಸಂಬಂಧಪಟ್ಟದ್ದು. ಗುಳಿಗಿ ಶುರು ಮಾಡಿದಾಗ ಆ ಪದರ ತೆಳ್ಳಗಾಗತೈತಿ, ಹೊಸ ಹಾರ್ಮೋನಿಗೆ ಒಗ್ಗಿಕೊಳ್ಳೋತನಕ ಅಲ್ಲಲ್ಲಿ ಉದುರತೈತಿ. ಕಲೆ ಬರೋದು ಅದಕ್ಕ. ಮೊದಲ ಮೂರು ತಿಂಗಳು ಇದು ಬಹಳ ಮಂದಿಗೆ ಆಗತೈತಿ, ಆಮ್ಯಾಲ ಹೆಚ್ಚಾಗಿ ತಾನೇ ಕಡಿಮೆ ಆಗತೈತಿ. ಎರಡನೇ ಖಾತೆಯೊಳಗ ಏರುಪೇರಾತು ಅಂತ ಮೊದಲನೇ ಖಾತೆ ಖಾಲಿ ಆಗಂಗಿಲ್ಲ. ದಿನಾ ತಪ್ಪದೆ ನುಂಗಿದ್ರ, ಕಲೆ ಕಂಡ ದಿನಾನೂ ರಕ್ಷಣೆ ಇದ್ದೇ ಇರತೈತಿ.

ಹಂಗಾದ್ರ ಖರೆ ಅಪಾಯ ಎಲ್ಲೈತಿ? ಕಲೆ ನೋಡಿ ಹೆದರಿ ಗುಳಿಗಿ ಬಿಡೋದರಾಗ ಐತಿ. ದಿನಾ ಸರಿಯಾಗಿ ತಗೊಂಡ್ರ ವರ್ಷಕ್ಕ 100 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಗರ್ಭ ನಿಲ್ಲೋದು ಅಪರೂಪ. ಆದರೆ ಮರೆತು, ಬಿಟ್ಟು, ತಡ ಮಾಡಿ ತಗೊಳ್ಳೋ ನಮ್ಮ ನಿಜಜೀವನದಾಗ ಆ ಸಂಖ್ಯೆ ಸುಮಾರು 7ಕ್ಕ ಏರತೈತಿ. ಅದಕ್ಕ ಕಲೆ ಕಂಡಾಗ ಕೇಳಬೇಕಾದ ಪ್ರಶ್ನೆ "ಎಷ್ಟು ರಕ್ತ ಹೋತು?" ಅಲ್ಲ, "ಎಷ್ಟು ಗುಳಿಗಿ ತಪ್ಪಿದ್ವು?" ಗುಳಿಗಿ ತಪ್ಪಿದ್ರೂ ಕಲೆ ಬರತೈತಿ ನೋಡ್ರಿ, ಆಗ ಮಾತು ಬ್ಯಾರೆ.

ಒಂದು ತಪ್ಪಿದ್ರ, ನೆನಪಾದ ಕೂಡಲೇ ನುಂಗ್ರಿ, ಅವತ್ತಿನದನ್ನ ಅದರ ಹೊತ್ತಿಗೆ ನುಂಗ್ರಿ. ಎರಡೂ ಒಂದೇ ದಿನ ಬಂದ್ರೂ ಚಿಂತಿಲ್ಲ. ಎರಡು ಅಥವಾ ಹೆಚ್ಚು ತಪ್ಪಿದ್ರ, ಕೊನೆಗೆ ತಪ್ಪಿದ ಒಂದನ್ನ ಮಾತ್ರ ಕೂಡಲೇ ನುಂಗಿ, ಉಳಿದ ತಪ್ಪಿದವನ್ನ ಬಿಟ್ಟು, ಮುಂದಿನವನ್ನ ದಿನಾ ಮುಂದುವರಿಸ್ರಿ. 7 ದಿನ ಕಾಂಡೋಮ್ ಕಡ್ಡಾಯ. ತಪ್ಪಿದ್ದು ಮೂರನೇ ವಾರದಾಗ ಇದ್ರ, ಬಿಳಿ ಗುಳಿಗಿ ಮುಗಿಸಿ, ಕಬ್ಬಿಣದ ಗುಳಿಗಿ ಬಿಟ್ಟು ಸೀದಾ ಹೊಸ ಪಾಕೀಟು ಶುರು. ತಪ್ಪಿದ್ದು ಮೊದಲನೇ ವಾರದಾಗ, ಸಂಬಂಧಾನೂ ಆಗೈತಿ ಅಂದ್ರ ತಡ ಮಾಡದೆ ಡಾಕ್ಟರನ್ನ ಕೇಳ್ರಿ, ತುರ್ತು ಗುಳಿಗಿ ಬೇಕಾಗಬಹುದು.

ಕಬ್ಬಿಣದ ಗುಳಿಗಿ ಅಂದೆನಲ್ಲ. ಮಾಲಾ-ಎನ್ ಪಾಕೀಟಿನಾಗ 28 ಗುಳಿಗಿ. 21 ಬಿಳಿ, ಅವು ಹಾರ್ಮೋನಿನವು. 7 ಕಂದು, ಅವು ಕಬ್ಬಿಣಾಂಶದವು. ಮುಟ್ಟು ಬರೋದು ಆ ಕಂದು ಗುಳಿಗಿ ದಿನಗಳಾಗ. ಮೆಡಿಕಲ್‌ನಾಗ ರೊಕ್ಕ ಕೊಟ್ಟು ತರೋ ಮಾಲಾ-ಡಿ ಒಳಗೂ ಇದೇ ಔಷಧ, ಇದೇ ಪ್ರಮಾಣ. "ಪುಕ್ಕಟೆ ಕೊಟ್ಟದ್ದು, ಅದಕ್ಕ ಕಲೆ ಬಂತು" ಅನ್ನೋ ಮಾತು ಕೈಬಿಡ್ರಿ.

ಇನ್ನೊಂದು ಗೊಂದಲ. ನರಗುಂದ ಕಡೆಯಾಕಿ ಒಬ್ಬಾಕಿ "ನನಗೂ ಹಂಗ ಆಗೈತಿ" ಅಂದ್ಲು, ಕೇಳಿದ್ರ ಆಕಿ ತಗೊಂಡಿದ್ದು ಅಂತರಾ, ಮೂರು ತಿಂಗಳಿಗೊಮ್ಮೆ ಹಾಕೋ ಇಂಜೆಕ್ಷನ್. ಅದರಾಗ ಹೊತ್ತಲ್ಲದ ಹೊತ್ತಿನಾಗ ಕಲೆ ಇನ್ನೂ ಹೆಚ್ಚು, ಮುಟ್ಟು ಪೂರ್ತಿ ನಿಲ್ಲಲೂಬಹುದು. ಛಾಯಾ ಅನ್ನೋದು ಲಖನೌದ ಸಂಶೋಧನಾ ಸಂಸ್ಥೆಯೊಳಗ ತಯಾರಾದ ಹಾರ್ಮೋನ್ ಇಲ್ಲದ ಗುಳಿಗಿ, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮ್ಯಾಲ ವಾರಕ್ಕೊಂದು. ಅದರಾಗ ಮುಟ್ಟು ತಡ ಆಗೋದು ಜಾಸ್ತಿ. ರೋಣದಾಕಿ ಒಬ್ಬಾಕಿ ಗೃಹಪ್ರವೇಶಕ್ಕ ಅಂತ ಮುಟ್ಟು ಮುಂದೂಡೋ ಗುಳಿಗಿ ನುಂಗಿ, ಅದೇ ಗರ್ಭಾನೂ ತಡೀತೈತಿ ಅಂತ ನಂಬಿದ್ಲು. ಇಲ್ಲವಾ, ಅದನ್ನ ನಂಬಂಗಿಲ್ಲ! ಹಂಗಾಗಿ ಸಲಹಾ ಕೇಳೋ ಮೊದಲು ಪಾಕೀಟಿನ ಫೋಟೋ ತಗೊಂಡು ಇಟ್ಕೊಳ್ರಿ.

ರಕ್ಷಣೆ ಖರೇನ ಕಡಿಮೆ ಆಗೋ ಸಂದರ್ಭಾನೂ ಅದಾವು. ಗುಳಿಗಿ ನುಂಗಿದ ಎರಡು-ಮೂರು ತಾಸಿನೊಳಗ ವಾಂತಿ ಆದ್ರ ಇನ್ನೊಂದು ನುಂಗಬೇಕು. ಟಿಬಿಯ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟೋಯಿನ್, ಕಾರ್ಬಮಾಜೆಪಿನ್ ತಗೊಳ್ಳೋರು ಡಾಕ್ಟರಿಗೆ ಹೇಳಿ ಬ್ಯಾರೆ ಉಪಾಯ ಹುಡುಕಬೇಕು. ನೆಗಡಿ-ಗಂಟಲಿಗೆ ಕೊಡೋ ಸಾಮಾನ್ಯ ಆಂಟಿಬಯಾಟಿಕ್‌ನಿಂದ ಹಂಗೇನೂ ಆಗಂಗಿಲ್ಲ.

ಮೂರು ತಿಂಗಳು ದಾಟಿದ್ರೂ ಕಲೆ ನಿಲ್ಲದಿದ್ರ, ಸಂಬಂಧದ ನಂತರ ರಕ್ತ ಕಂಡ್ರ, ಕಿಬ್ಬೊಟ್ಟೆ ನೋವು, ಜ್ವರ, ವಾಸನೆಯ ಬಿಳಿಮುಟ್ಟು ಇದ್ರ, ಪ್ಯಾಡ್ ಮ್ಯಾಲ ಪ್ಯಾಡ್ ತೊಯ್ದ್ರ ಆಸ್ಪತ್ರೆಗೆ ಹೋಗ್ರಿ. ಅದೆಲ್ಲಾ ಗುಳಿಗೀದೇ ಅಂತ ಸುಮ್ಮನಿರಬ್ಯಾಡ್ರಿ. ಎದೆನೋವು, ಉಸಿರಾಟದ ತೊಂದರೆ, ಒಂದೇ ಕಾಲು ಬಾತು ನೋವು ಬಂದ್ರ ಅವತ್ತೇ ಓಡಬೇಕು.

ಒಂದು ಮಾತು ನಡುವ. 1930ರಷ್ಟು ಹಿಂದೇನ ಮೈಸೂರು ಸಂಸ್ಥಾನದ ಸರ್ಕಾರ ಗರ್ಭನಿಯಂತ್ರಣದ ಕ್ಲಿನಿಕ್ ತೆರೆಯಾಕ ಒಪ್ಪಿಗೆ ಕೊಟ್ಟಿತ್ತು. ನಾವಿನ್ನೂ ಮೆಡಿಕಲ್‌ನಾಗ ಗಿರಾಕಿ ಎಲ್ಲಾ ಹೋಗೋತನಕ ಶಾಂಪೂ ನೋಡ್ತಾ ನಿಲ್ತೀವಿ.

ಗಜೇಂದ್ರಗಡದ ತಂಗಿಗೆ ನಾನು ಹೇಳಿದ್ದು ಇಷ್ಟೇ: ಈಗಲೇ ಆಶಾ ಅಕ್ಕಾರಿಗೆ ಫೋನ್ ಹಚ್ಚು, ಎರಡು ತಪ್ಪ್ಯಾವು ಅಂತ ಮುಚ್ಚಿಡದೆ ಹೇಳು. ಅವರು ಆಸ್ಪತ್ರೆಯ ಸಿಸ್ಟರ್ ಕೂಡ ಮಾತಾಡಿಸಿದ್ರಂತ. ಹದಿನಾಲ್ಕನೇದು ಆಗಲೇ, ಹದಿನೈದನೇದು ರಾತ್ರಿ, ಒಂದು ವಾರ ಕಾಂಡೋಮ್. ಕಂದು ಗುಳಿಗಿ ದಿನಗಳಾಗ ಮುಟ್ಟು ಬರದಿದ್ರ ನಿಶ್ಚಯ್ ಕಿಟ್ ತಂದು ಮೂತ್ರ ಪರೀಕ್ಷೆ ಮಾಡ್ಕೊ ಅಂತಾನೂ ಹೇಳಿದ್ರು.

ಹೋದ ಸೋಮವಾರ ಮೆಸೇಜ್ ಬಂತು: "ಅಕ್ಕಾ, ಮೂರನೇ ಕಂದು ಗುಳಿಗಿ ದಿನ ಆತು. ಗುಳಿಗಿ ಈಗ ಹಿಟ್ಟಿನ ಡಬ್ಬಿ ಹಿಂದ ಅಲ್ಲ, ಕೂಸಿನ ಔಷಧದ ಡಬ್ಬ್ಯಾಗ ಇಟ್ಟೀನಿ. ದಿನಾ ಆ ಡಬ್ಬಿ ತೆಗೀತೀನಿ, ಮರೆಯಂಗಿಲ್ಲ." ಅತ್ತಿಗೆ ಹೇಳಿಯೇನವಾ ಅಂತ ಕೇಳಿದೆ. ನಗೋ ಎಮೋಜಿ ಕಳಿಸ್ಯಾಳ, ಅಷ್ಟೇ.