ಒಂದು ಕಿಣ್ವದ ವಿಳಾಸ



ಸಕ್ಕರೆಯಿಲ್ಲದ ತಂಪು ಪಾನೀಯದ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಎಂದಾದರೂ ಓದಿದ್ದೀರಾ? ಅದಕ್ಕೆ ಅಸ್ಪಾರ್ಟೇಮ್ ಬೆರೆಸಿದ್ದರೆ, 'ಫೀನೈಲ್‌ಕೀಟೋನೂರಿಯಾ' ಇರುವವರು ಸೇವಿಸಬಾರದೆಂಬ ಎಚ್ಚರಿಕೆ ಅಲ್ಲಿರುತ್ತದೆ. ಯಾರು ಈ ಜನ?

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನಿನಲ್ಲಿ ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲವಿದೆ. ಅದನ್ನು ಟೈರೋಸಿನ್ ಆಗಿ ಬದಲಿಸುವುದು ಯಕೃತ್ತಿನಲ್ಲಿರುವ ಒಂದು ಕಿಣ್ವ, ಫೀನೈಲ್‌ಅಲನೀನ್ ಹೈಡ್ರಾಕ್ಸಿಲೇಸ್. ಈ ಕಿಣ್ವ ಕೆಲಸ ಮಾಡದಿದ್ದರೆ ಆ ಆಮ್ಲ ರಕ್ತದಲ್ಲಿ ತುಂಬಿಕೊಂಡು ಮಗುವಿನ ಬುದ್ಧಿ ಬೆಳೆಯುವುದಿಲ್ಲ. 1934ರಲ್ಲಿ ನಾರ್ವೆಯ ವೈದ್ಯ ಫೋಲಿಂಗ್ ಈ ರೋಗವನ್ನು ಗುರುತಿಸಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆಹಚ್ಚಿ ಪಥ್ಯ ಆರಂಭಿಸಿದರೆ ಮಗು ಎಲ್ಲರಂತೆ ಬೆಳೆಯಬಲ್ಲದು. 1960ರ ದಶಕದಲ್ಲಿ ಅಮೆರಿಕದ ಗಥ್ರಿ ರೂಪಿಸಿದ ಪರೀಕ್ಷೆಗೆ ಶಿಶುವಿನ ಹಿಮ್ಮಡಿಯ ಒಂದೆರಡು ಹನಿ ರಕ್ತ ಸಾಕಾಯಿತು.

ಆದರೆ ಇಂಥ ಒಂದು ಮಗುವಿರುವ ತಾಯಿ ಮತ್ತೆ ಗರ್ಭಿಣಿಯಾದರೆ? ತಂದೆತಾಯಿ ಆರೋಗ್ಯವಂತರೇ. ಆದರೂ ಇಬ್ಬರಲ್ಲೂ ದೋಷಯುಕ್ತ ಜೀನಿನ ಒಂದೊಂದು ಪ್ರತಿ ಅಡಗಿರುತ್ತದೆ. ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಭ್ರೂಣದ ಸುತ್ತಲಿನ ದ್ರವದ ಕೋಶಗಳನ್ನು ಪರೀಕ್ಷಿಸಿದರೂ ಉತ್ತರ ಸಿಗುತ್ತಿರಲಿಲ್ಲ, ಏಕೆಂದರೆ ಆ ಕೋಶಗಳು ಈ ಕಿಣ್ವವನ್ನು ತಯಾರಿಸುವುದೇ ಇಲ್ಲ.

ಕಿಣ್ವ ಯಕೃತ್ತಿನಲ್ಲಿದ್ದರೂ ಅದರ ಜೀನು ದೇಹದ ಬಹುತೇಕ ಎಲ್ಲ ಕೋಶಗಳಲ್ಲಿದೆ! ದಾರಿ ತೆರೆದದ್ದು ಈ ಸತ್ಯದಿಂದ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಸ್ಯಾವಿಯೊ ವೂ ಅವರ ತಂಡ ಮೊದಲು ಇಲಿಯ ಯಕೃತ್ತಿನಿಂದ ಈ ಕಿಣ್ವದ ಸಂದೇಶವಾಹಕ ಆರ್‌ಎನ್‌ಎ ಪಡೆದು, ಅದರಿಂದ ಡಿಎನ್‌ಎ ಪ್ರತಿ ತಯಾರಿಸಿ, ಬ್ಯಾಕ್ಟೀರಿಯಾದಲ್ಲಿ ವೃದ್ಧಿಸಿತು. ಕ್ಲೋನಿಂಗ್ ಎಂದರೆ ಇಲ್ಲಿ ಇಷ್ಟೇ: ಮನುಷ್ಯನ ನಕಲಲ್ಲ, ಒಂದು ಜೀನಿನ ಪ್ರತಿಗಳು. ಆ ಪ್ರತಿಯನ್ನೇ ಗಾಳವಾಗಿಸಿ ಮಾನವನ ಜೀನನ್ನೂ ಹಿಡಿದರು. 1983ರಲ್ಲಿ ಫಲ ಪ್ರಕಟವಾಯಿತು.

ಇನ್ನು ಅದರ ವಿಳಾಸ. ಮಾನವನ ಕೋಶವನ್ನು ಇಲಿಯ ಜಾತಿಯ ಪ್ರಾಣಿಯ ಕೋಶದೊಡನೆ ಬೆಸೆದರೆ, ಮಿಶ್ರಕೋಶ ಬೆಳೆಯುತ್ತ ಮಾನವ ವರ್ಣತಂತುಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತದೆ. ಯಾವ ವರ್ಣತಂತು ಉಳಿದಾಗ ಜೀನು ಉಳಿಯಿತು, ಯಾವುದು ಹೋದಾಗ ಹೋಯಿತು ಎಂದು ತಾಳೆ ನೋಡಿದರು. ಅದು 12ನೆಯ ವರ್ಣತಂತು, ಅದರಲ್ಲೂ ಉದ್ದನೆಯ ತೋಳು.

ಅಂದಿನಿಂದ ಒಂದೇ ಕುಟುಂಬದವರ ಡಿಎನ್‌ಎ ಹೋಲಿಸಿ, ದೋಷಯುಕ್ತ ಪ್ರತಿ ಯಾರಿಗೆ ಬಂದಿದೆಯೆಂದು ಅನೇಕ ಕುಟುಂಬಗಳಲ್ಲಿ ಹೇಳಲು ಸಾಧ್ಯವಾಯಿತು, ಮಗು ಹುಟ್ಟುವ ಮೊದಲೇ. ಜೀನಿನ ವಿಳಾಸ ಸಿಕ್ಕಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ. ಮಗುವಿಗೆ ಪಥ್ಯ ಬೇಕೇ ಬೇಕು. ಆದರೆ ಕಾದು ಕುಳಿತ ತಾಯಿಗೆ ಉತ್ತರ ದೊರೆಯಿತು.