ಕತ್ತಲಿಗೆ ಯಾವ ಕ್ಯಾಮೆರಾ?



ದೀಪ ಹಚ್ಚಿ ಎಂದಿರಿ, ಹಚ್ಚಿದೆ. ಈ ಪ್ರದರ್ಶನದಲ್ಲಿರುವ ಚಿತ್ರಗಳೆಲ್ಲ ಬೆಳಕು ಸಾಲದ ಕಡೆ ತೆಗೆದವು. ಬೀದರಿನ ರಂಗೀನ್ ಮಹಲಿನ ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು, ಅಷ್ಟೂರಿನ ಅಹ್ಮದ್ ಷಾ ವಲಿ ಗೋರಿಯ ಒಳಗಿನ ಬಣ್ಣಗಳು, ಭಾಲ್ಕಿ ಕಡೆಯ ರಾತ್ರಿ ಮದುವೆ, ಔರಾದ್ ಬಯಲಿನಲ್ಲಿ ನಸುಕಿಗೆ ಜಿಗಿಯುವ ಕೃಷ್ಣಮೃಗ. ಕೆಳಗೆ ಕ್ಯಾಮೆರಾ ಯಾವುದು, ಐಎಸ್‌ಒ ಎಷ್ಟು ಎಂದು ಬರೆದಿದ್ದೀರಿ. ಅದೇ ತೊಂದರೆ. ಬಾಗಿಲಲ್ಲೇ ವಾದ ಹತ್ತಿಕೊಂಡಿದೆ: ‘ನಿಂದ್ರಾಗ ಗ್ರೇನ್ಸ್ ಭಾಳ ಅವ!’

ಆ ವಾದದಲ್ಲಿ ನಾನೂ ಬಾಯಿ ಹಾಕುತ್ತೇನೆ. ಗ್ರೇನ್ಸ್ ಎನ್ನುವ ಈ ಕಾಳುಕಾಳು ಬಹುಪಾಲು ಕ್ಯಾಮೆರಾದ ತಪ್ಪಲ್ಲ. ಮಳೆಯ ಮೊದಲ ಹನಿಗಳು ಅಂಗಳದಲ್ಲಿ ಒಂದೆಡೆ ಒತ್ತಾಗಿ, ಒಂದೆಡೆ ವಿರಳವಾಗಿ ಬೀಳುವಂತೆ ಬೆಳಕೂ ಬೀಳುತ್ತದೆ. ಒಂದು ಪಿಕ್ಸೆಲ್ಲಿಗೆ 10,000 ಬೆಳಕಿನ ಕಣ ಸಿಕ್ಕರೆ ಏರುಪೇರು ಸುಮಾರು 100, ಅಂದರೆ ಶೇ 1. ನೂರೇ ಸಿಕ್ಕರೆ ಏರುಪೇರು 10, ಶೇ 10. ಐಎಸ್‌ಒ ಏರಿಸಿದರೆ ಸೆನ್ಸರ್ ಹೆಚ್ಚು ಬೆಳಕು ಹಿಡಿಯುವುದಿಲ್ಲ. ಹಿಡಿದಷ್ಟನ್ನೇ ಹಿಗ್ಗಿಸುತ್ತದೆ, ಏರುಪೇರನ್ನೂ ಸೇರಿಸಿ.

ಸೆನ್ಸರ್ ದೊಡ್ಡದಾದಷ್ಟೂ ಹೆಚ್ಚು ಬೆಳಕು ಹಿಡಿಯುತ್ತದೆ, ಹಾಗಾಗಿ ಅದರ ಅಳತೆ ದೊಡ್ಡ ಮಾತು. ಫುಲ್ ಫ್ರೇಮ್ 36×24 ಮಿ.ಮೀ., ಅಂದರೆ 864 ಚದರ ಮಿ.ಮೀ. ಎಪಿಎಸ್-ಸಿ ಸುಮಾರು 370. ಒಂದೇ ಕಾಲದ ಎರಡು ಕ್ಯಾಮೆರಾ ಇಟ್ಟು ನೋಡಿದರೆ ಚಿಕ್ಕದರ ಐಎಸ್‌ಒ 3200, ದೊಡ್ಡದರ 6400 ಹೆಚ್ಚುಕಮ್ಮಿ ಒಂದೇ ತರ ಕಾಣುತ್ತವೆ. ಪೆಟ್ಟಿಗೆಯ ಮೇಲಿನ ಅಂಕಿ ನಂಬಬೇಡಿ. 2007ರ ನಿಕಾನ್ ಡಿ3ಗೆ ಐಎಸ್‌ಒದ ಸಾಮಾನ್ಯ ಮಿತಿ 6400 ಇತ್ತು. 2014ರ ಸೋನಿ ಎ7ಎಸ್ 4,09,600 ಎಂದು ಬರೆದುಕೊಂಡು ಬಂತು. ಸಂಖ್ಯೆ 64 ಪಟ್ಟಾಯಿತೆಂದು ಚಿತ್ರ ಅಷ್ಟು ಪಟ್ಟು ಸ್ವಚ್ಛವಾಗಲಿಲ್ಲ.

ಹೋಲಿಸಲೇಬೇಕೆಂದರೆ ಜಾಗ, ಬೆಳಕು, ಅಪರ್ಚರ್, ಶಟರ್ ಒಂದೇ ಇರಲಿ. ರಾ ಫೈಲ್ ತೆಗೆಯಿರಿ; ಜೆಪೆಗ್‌ನಲ್ಲಿ ಕ್ಯಾಮೆರಾ ತಾನೇ ಒರೆಸಿ ನುಣುಪು ಮಾಡಿರುತ್ತದೆ. ಬಿದರಿ ಹೂಜಿಯ ಫೋಟೋದಲ್ಲಿ ಆ ಒರೆತಕ್ಕೆ ಕಪ್ಪು ಚೆಂದವಾಗುತ್ತದೆ, ಕೂದಲೆಳೆಯಂಥ ಬೆಳ್ಳಿ ಗೆರೆ ಮಾಯ! ಇನ್ನು, ಎರಡನ್ನೂ ಒಂದೇ ಅಳತೆಯ ಪ್ರಿಂಟ್ ಮಾಡಿ ನೋಡಿ. ಪರದೆಯಲ್ಲಿ ಪಿಕ್ಸೆಲ್ ಹಿಗ್ಗಿಸಿ ನೋಡಿದರೆ ಹೆಚ್ಚು ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಸುಮ್ಮನೆ ಸೋಲುತ್ತದೆ.

ಅಷ್ಟೂರಿನ ಗೋಡೆ ಎಲ್ಲಿಗೂ ಓಡುವುದಿಲ್ಲ. ಟ್ರೈಪಾಡ್‌ಗೆ ಅನುಮತಿ ಸಿಕ್ಕರೆ ಐಎಸ್‌ಒ 100 ಇಟ್ಟು ಹತ್ತು ಸೆಕೆಂಡು ತೆರೆದಿಡಿ, ಹಳೆಯ ಕ್ಯಾಮೆರಾವೂ ಸಾಕು. ಅಲ್ಲಿ 12,800 ಇಟ್ಟು ‘ನನ್ನ ಕ್ಯಾಮೆರಾ ನೋಡ್ರಿ’ ಎನ್ನುವುದು ಜಂಬ. ಕೃಷ್ಣಮೃಗದ ಮಾತು ಬೇರೆ. ಅದಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಶಟರ್ ಬೇಕು. ಮದುವೆಯಲ್ಲಿ ಅಕ್ಕಿಕಾಳು ಬೀಳುವ ಗಳಿಗೆಯೂ ಮರಳಿ ಬರುವುದಿಲ್ಲ. ಅಲ್ಲಿ 6400ಕ್ಕೆ ಅಂಜಬೇಡಿ. ಕಾಳು ಬಂದ ಚಿತ್ರವನ್ನು ಮನೆಯವರು ಗೋಡೆಗೆ ಹಾಕುತ್ತಾರೆ, ಅಲುಗಿದ್ದನ್ನು ಹಾಕುವುದಿಲ್ಲ.

ಪ್ರದರ್ಶನ ಉದ್ಘಾಟನೆಯಾಗಿದೆ. ಒಳಗೆ ಬನ್ನಿ; ಮೊದಲು ಎರಡು ಹೆಜ್ಜೆ ಹಿಂದೆ ನಿಂತು ಚಿತ್ರ ನೋಡಿ, ಕೆಳಗಿನ ಚೀಟಿಯನ್ನು ಆಮೇಲೆ ಓದಿ.